ಬೇಯಿಸಿದ್ದಲ್ಲ, ಸುಟ್ಟಿದ್ದು: ನನ್ನ ಚೀಸ್ ಆಲೂಗೆಡ್ಡೆ

ಮಗಳು ಗೆಳತಿಯರ ಜೊತೆ ಹೋಗಿ ಎಲ್ಲೋ ತಿಂದು ಬಂದಿದ್ದಳು. "ಅಪ್ಪಾ, ಇಡೀ ಆಲೂಗೆಡ್ಡೆ, ಮಧ್ಯ ಸೀಳಿ ಒಳಗೆಲ್ಲ ಚೀಸ್ ತುಂಬಿರ್ತಾರೆ. ನೀನೂ ಮಾಡು" ಅಂದಳು. ಗೆಡ್ಡೆ ಬೇಯಿಸಿ ಚೀಸ್ ತುಂಬೋದು ತಾನೆ, ಅದೇನು ಬ್ರಹ್ಮವಿದ್ಯೆಯೇ ಅಂದುಕೊಂಡೆ. ಎರಡು ಭಾನುವಾರ ಹಾಳಾದವು.

ಮೊದಲನೇ ಭಾನುವಾರ ಕುಕ್ಕರಿನಲ್ಲಿ ಮೂರು ವಿಶಲ್ ಕೂಗಿಸಿ, ಸೀಳಿ, ಚೀಸ್ ತುರಿದು ಓಟಿಜಿಯಲ್ಲಿ, ಅಂದರೆ ಮನೆಯ ಪುಟ್ಟ ಕರೆಂಟ್ ಓವನ್‌ನಲ್ಲಿ, ಹತ್ತು ನಿಮಿಷ ಇಟ್ಟೆ. ಸಿಪ್ಪೆ ಒದ್ದೆ ಬಟ್ಟೆಯ ಹಾಗೆ ಜೋತುಬಿತ್ತು, ತಟ್ಟೆಯಲ್ಲಿ ನೀರು ನಿಂತಿತು. ಚೀಸ್ ಕಮ್ಮಿಯಾಯಿತೇನೋ ಎಂದು ಇನ್ನೆರಡು ಕ್ಯೂಬ್ ತುರಿದೆ. ಉಪ್ಪುಪ್ಪಾಯಿತು, ಅಷ್ಟೇ.

ಎರಡನೇ ಸಲ ಅಲ್ಯೂಮಿನಿಯಂ ಫಾಯಿಲ್ ಸುತ್ತಿದೆ. ಒಳಗಿನ ಹಬೆಗೆ ಹೊರಗೆ ಹೋಗಲು ದಾರಿಯಿಲ್ಲ. ಓವನ್‌ನಲ್ಲಿಟ್ಟೂ ಕುಕ್ಕರಿನ ರುಚಿಯೇ ಬಂತು. ಅದು ಸಾಲದೆಂದು ತಿರುಳನ್ನು ನುಣ್ಣಗೆ ಮಾಡುವ ಉಮೇದಿನಲ್ಲಿ ಮಿಕ್ಸಿಗೆ ಹಾಕಿದೆ. ಮುಚ್ಚಳ ತೆಗೆದರೆ ಗೋಂದು! ಚಮಚ ನಿಲ್ಲಿಸಿದರೆ ನಿಂತೇ ಇತ್ತು. ಬ್ಲೇಡಿನ ಹೊಡೆತಕ್ಕೆ ಗೆಡ್ಡೆಯ ಕಣಗಳೆಲ್ಲ ಒಡೆದು ಪಿಷ್ಟ ಹೊರಬಂದರೆ ಹಾಗೇ ಆಗುವುದು. ಜಾರು ತೊಳೆಯುವುದಕ್ಕೇ ಅರ್ಧ ಗಂಟೆ ಹಿಡಿಯಿತು.

ಊರಿಂದ ಬಂದಿದ್ದ ಅವ್ವ ಇದನ್ನೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನಮ್ಮದು ಮದ್ದೂರಿನ ಕಡೆ. "ನೀನು ಬೇಯಿಸ್ತಿದ್ದೀಯ ಕಣಪ್ಪ, ಸುಡ್ತಿಲ್ಲ. ಒಲೆ ಬೂದೀಲಿ ಹೂತಿಟ್ಟು ತಗುದ್ರೆ ಗೆಡ್ಡೆ ಹಿಟ್ಟಿಟ್ಟಾಗಿರ್ತಿತ್ತು, ಗ್ಯಾಪ್ಕ ಇಲ್ವಾ?" ಅಂದಳು. ಜ್ಞಾಪಕ ಬಂತು. ರಾತ್ರಿ ಮುದ್ದೆ ಇಳಿಸಿದ ಮೇಲೆ ಗೆಣಸನ್ನೋ ಆಲೂಗೆಡ್ಡೆಯನ್ನೋ ಬಿಸಿ ಬೂದಿಗೆ ತಳ್ಳಿ ಮರೆತುಬಿಡುತ್ತಿದ್ದೆವು. ಸಿಪ್ಪೆ ಒಣಗಿ ಚರ್ಮವಾಗುತ್ತಿತ್ತು, ಒಳಗಿನದು ಪುಡಿಪುಡಿ. ಆಲೂಗೆಡ್ಡೆಯಲ್ಲಿ ಮುಕ್ಕಾಲು ಭಾಗಕ್ಕಿಂತ ಹೆಚ್ಚು ನೀರೇ. ಆ ನೀರನ್ನು ಓಡಿಸಬೇಕಾದವನು ನಾನು ಇನ್ನಷ್ಟು ಕುಡಿಸುತ್ತಿದ್ದೆ.

ಮೂರನೇ ಸಲ ಗೆಡ್ಡೆಯಿಂದಲೇ ಶುರುಮಾಡಿದೆ. ದೇವರಾಜ ಮಾರುಕಟ್ಟೆಯಲ್ಲಿ ರಾಶಿ ಕೆದಕಿ, ಒಂದೊಂದೂ ಕಾಲು ಕೆಜಿ ತೂಗುವಂಥ ಉದ್ದನೆಯ ನಾಲ್ಕು ಆರಿಸಿದೆ. "ಆಯ್ಕೊಂಡ್ರೆ ಬೇರೆ ರೇಟು ಸಾರ್" ಎಂದು ವ್ಯಾಪಾರಿ ಮುಖ ಗಂಟುಹಾಕಿಕೊಂಡ. ಕೊಟ್ಟೆ. ಹಾಸನದ ಕಡೆಯಿಂದ ಮಳೆಗಾಲದ ಕೊನೆಯಲ್ಲಿ ಬರುತ್ತದಲ್ಲ, ಬೆರಳಲ್ಲಿ ಉಜ್ಜಿದರೆ ಸಿಪ್ಪೆ ಬರುವ ಹೊಸ ಗೆಡ್ಡೆ, ಅದು ಸಾಗುವಿಗೆ ಸೊಗಸು, ಇದಕ್ಕೆ ಬೇಡ. ಸಿಪ್ಪೆ ಬಲಿತ, ಒತ್ತಿದರೆ ಗಟ್ಟಿಯಾಗಿರುವ ಹಳೇ ಗೆಡ್ಡೆಯೇ ಆಗಬೇಕು. ಹಸಿರು ಕಂಡರೆ ಅಲ್ಲೇ ಬಿಡಿ. ತಂದದ್ದನ್ನು ಫ್ರಿಜ್ಜಿಗೂ ಹಾಕಬೇಡಿ. ತಣ್ಣಗಿಟ್ಟರೆ ಪಿಷ್ಟ ಸಕ್ಕರೆಯಾಗಿ ಗೆಡ್ಡೆ ಸಿಹಿಯಾಗುತ್ತದೆ.

ನನ್ನಂತೆ ಅನುಮಾನದ ಪಿಶಾಚಿಯಾಗಿದ್ದರೆ ಒಂದು ಪರೀಕ್ಷೆ ಇದೆ. 11 ಲೋಟ ನೀರಿಗೆ 1 ಲೋಟ ಉಪ್ಪು ಕರಗಿಸಿ ಗೆಡ್ಡೆ ಬಿಡಿ. ಮುಳುಗಿದ್ದರಲ್ಲಿ ಪಿಷ್ಟ ಹೆಚ್ಚು, ಸುಟ್ಟರೆ ಹಿಟ್ಟಾಗುತ್ತದೆ. ತೇಲಿದ್ದು ಪಲ್ಯಕ್ಕೆ. ನನ್ನ ನಾಲ್ಕರಲ್ಲಿ ಒಂದು ತೇಲಿತು. ಅಷ್ಟು ಉಪ್ಪು ದಂಡವಾಯಿತೆಂದು ಹೆಂಡತಿ ಬೈದಳು. ಆ ಪರೀಕ್ಷೆ ಮತ್ತೆ ಮಾಡಿಲ್ಲ.

ತೊಳೆದು, ಬಟ್ಟೆಯಲ್ಲಿ ಒರೆಸಿ, ಫ್ಯಾನಿನ ಕೆಳಗೆ ಪೂರ್ತಿ ಆರಿಸಿದೆ. ಫೋರ್ಕಿನಿಂದ ಏಳೆಂಟು ಕಡೆ ಚುಚ್ಚಿದೆ. ಚುಚ್ಚದಿದ್ದರೆ ಅಪರೂಪಕ್ಕೆ ಒಳಗೇ ಸಿಡಿಯುತ್ತದೆ. ಎಣ್ಣೆ ಸವರಿ, ಕಲ್ಲುಪ್ಪು ಕುಟ್ಟಿ ಉಜ್ಜಿದೆ. ಬೆಣ್ಣೆ ಬೇಡ, ಗಂಟೆಗಟ್ಟಲೆ ಕಾದರೆ ಸೀಯುತ್ತದೆ. ಓಟಿಜಿಯನ್ನು 200 ಡಿಗ್ರಿಗಿಟ್ಟು, ಮೇಲೆ ಕೆಳಗೆ ಎರಡೂ ಕಾಯಿಲ್ ಹಾಕಿ ಹದಿನೈದು ನಿಮಿಷ ಕಾಯಿಸಿ, ಗೆಡ್ಡೆಗಳನ್ನು ಟ್ರೇ ಇಲ್ಲದೆ ನೇರವಾಗಿ ಕಂಬಿಗಳ ಮೇಲೆ ಜೋಡಿಸಿದೆ. ಪ್ಲಗ್ಗು ಮಾತ್ರ ಗೀಸರಿಗೆ ಹಾಕುವಂಥ ದೊಡ್ಡ ಸಾಕೆಟ್ಟಿಗೇ ಹಾಕಿ.

ಒಂದು ಗಂಟೆ ಬೇಕು. "ಗೃಹಜ್ಯೋತಿ ಐತೆ ಅಂತ ಕರೆಂಟೆಲ್ಲ ಗೆಡ್ಡೆಗೇ ಸುರೀತಿಯಾ?" ಎಂದು ಅವ್ವ ಎರಡು ಸಲ ಕೇಳಿದಳು. ಅರ್ಧ ಗಂಟೆಗೊಮ್ಮೆ ಮಗ್ಗುಲು ಹೊರಳಿಸಿದೆ. ಕಡ್ಡಿ ಚುಚ್ಚಿದರೆ ತಡೆಯಿಲ್ಲದೆ ಹೋಗಬೇಕು, ಇಕ್ಕಳದಲ್ಲಿ ಹಿಡಿದರೆ ಸಿಪ್ಪೆ ಕರಕ್ ಅನ್ನಬೇಕು. ತೆಗೆದ ಕೂಡಲೇ ಉದ್ದಕ್ಕೆ ಸೀಳಿ ಎರಡು ತುದಿ ಹಿಡಿದು ಒತ್ತಿದೆ. ಬುಸ್ಸೆಂದು ಹಬೆ ಹೊರಟು ತಿರುಳು ಮಲ್ಲಿಗೆ ಇಡ್ಲಿಯ ಹಾಗೆ ಬಿರಿಯಿತು. ಈ ಕ್ಷಣದಲ್ಲಿ ಫೋನ್ ಎತ್ತಬೇಡಿ. ಸೀಳದೆ ಬಿಟ್ಟರೆ ಆ ಹಬೆಯೇ ಒಳಗೆ ನೀರಾಗಿ ಕೂರುತ್ತದೆ.

ಅರ್ಧ ಅಂಗುಲ ಅಂಚು ಬಿಟ್ಟು ತಿರುಳು ತೋಡಿ, ಬಿಸಿಯಿರುವಾಗಲೇ ಫೋರ್ಕಿನಲ್ಲಿ ಮಸೆದೆ. ಗೆಡ್ಡೆಗೆ ಒಂದು ಚಮಚದಂತೆ ನಂದಿನಿ ಬೆಣ್ಣೆ, ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಗಟ್ಟಿ ಮೊಸರು, ಸಣ್ಣಗೆ ಹೆಚ್ಚಿದ ಹಸಿಮೆಣಸಿನಕಾಯಿ, ಕುಟ್ಟಿದ ಮೆಣಸು, ಕೊತ್ತಂಬರಿ. ಉಪ್ಪು ಕೊನೆಗೆ, ನೋಡಿಕೊಂಡು. ಚೀಸಿನಲ್ಲೂ ಒಂದು ಗುಟ್ಟಿದೆ. ಕ್ಯೂಬಿನಲ್ಲಿ ಬರುವ ಪ್ರೊಸೆಸ್ಡ್ ಚೀಸ್ ಕರಗಿ ಕೆನೆಯಾಗುತ್ತದೆ, ನೂಲು ಬಿಡುವುದಿಲ್ಲ. ಅದನ್ನು ಒಳಗೆ ಬೆರೆಸಿದೆ. ಮೊಝರೆಲ್ಲಾ ನೂಲು ಬಿಡುತ್ತದೆ, ಅದು ಮೇಲೆ. ಮತ್ತೆ ಓವನ್ನಿಗಿಟ್ಟು ಮೇಲಿನ ಕಾಯಿಲ್ ಒಂದನ್ನೇ ಹಾಕಿ ಏಳು ನಿಮಿಷ. ಅಲ್ಲಲ್ಲಿ ಕಂದು ಚುಕ್ಕೆ ಬಿದ್ದಾಗ ತೆಗೆದೆ. ಮಗಳು ಒಂದು ತುತ್ತು ಎತ್ತಿದಳು. ನೂಲು ತಟ್ಟೆಯಿಂದ ಮೂಗಿನವರೆಗೂ ಎಳೆಯಿತು.

"ನಂಗೆ ಆ ಬಿಳೀ ಅಂಟು ಬ್ಯಾಡ" ಅಂದಿದ್ದಳು ಅವ್ವ. ಅವಳದ್ದನ್ನು ಸೀಳಿ ತುಪ್ಪ, ಉಪ್ಪು, ಜಜ್ಜಿದ ಬೆಳ್ಳುಳ್ಳಿ-ಹಸಿಮೆಣಸಿನಕಾಯಿ ಅಷ್ಟೇ ಹಾಕಿ ಕೊಟ್ಟೆ. ಮಾತಾಡದೆ ತಿಂದು, ಸಿಪ್ಪೆಯನ್ನೂ ಬಿಡಲಿಲ್ಲ. ಮಗಳು ಅದರ ರುಚಿ ನೋಡಿದ್ದೇ ತಪ್ಪಾಯಿತು. ಈಗ ಭಾನುವಾರ ಬಂದರೆ "ಚೀಸಿಂದೊಂದು, ಅಜ್ಜೀದೊಂದು" ಅಂತ ಹಟ. ಆರೇಳು ಗೆಡ್ಡೆ ಆಯ್ದುಕೊಳ್ಳಬೇಕು, ಮಾರುಕಟ್ಟೆಯವನು ನನ್ನ ಚೀಲ ಕಂಡರೇ ಬೇರೆ ರೇಟು ಹೇಳುತ್ತಾನೆ.