ಜೋ ಕೆಲ್ಲರ್‌ನ ಅಳು ನಿಲ್ಲಿಸಿದ ಮೇಲೆ ದಕ್ಕಿದ ನಾಟಕ

ಅಮೆರಿಕದ ನಾಟಕಕಾರ ಆರ್ಥರ್ ಮಿಲ್ಲರ್‌ನ ‘ಆಲ್ ಮೈ ಸನ್ಸ್’ ನಮ್ಮ ಹವ್ಯಾಸಿ ತಂಡಕ್ಕೆ ದಕ್ಕಿದ್ದು ಮೂರನೆಯ ಸಲಕ್ಕೆ. ಮೊದಲೆರಡು ಸಲದ ಸೋಲನ್ನು ಕಣ್ಣಾರೆ ಕಂಡವರು, ಅವರಲ್ಲಿ ನನಗಿಂತ ಹಿರಿಯ ನಿರ್ದೇಶಕರೂ ಇದ್ದರು, ಇದು ಕನ್ನಡಕ್ಕೆ ಒಗ್ಗುವ ನಾಟಕವಲ್ಲ, ಕೈಬಿಡು ಎಂದೇ ಹೇಳಿದ್ದರು. ಅವರಲ್ಲೊಬ್ಬರು ಕಳೆದ ವರ್ಷದ ಪ್ರದರ್ಶನ ಮುಗಿದ ಮೇಲೆ ಗ್ರೀನ್ ರೂಮಿಗೆ ಬಂದು, ತಾಯಿ ಕೇಟ್‌ಳ ಪಾತ್ರ ಮಾಡಿದವರ ಎದುರು ಮಾತಿಲ್ಲದೆ ನಿಂತುಬಿಟ್ಟರೆಂಬುದನ್ನು ಮೊದಲೇ ಬರೆದುಬಿಡುತ್ತೇನೆ, ಏಕೆಂದರೆ ಆ ಸಂತೋಷವನ್ನು ಕೊನೆಯವರೆಗೆ ಬಚ್ಚಿಟ್ಟುಕೊಳ್ಳುವಷ್ಟು ವಿನಯ ನನಗಿಲ್ಲ.

ಮೊದಲ ಸಲ, ಸುಮಾರು ಹನ್ನೆರಡು ವರ್ಷದ ಹಿಂದೆ, ನಾನು ಕಥೆಯನ್ನು ನಮ್ಮ ಕಡೆಗೇ ಎಳೆದು ತಂದಿದ್ದೆ. ಕೇಟ್‌ಳ ಗಂಡ, ಕಾರ್ಖಾನೆಯ ಮಾಲೀಕ ಜೋ ಕೆಲ್ಲರ್ ಸೇತುವೆಯ ಗುತ್ತಿಗೆದಾರನಾದ, ಹಿತ್ತಲಿನ ಸೇಬಿನ ಗಿಡ ಸಂಪಿಗೆಯಾಯಿತು. ವಿಮಾನದ ಎಂಜಿನ್ನಿಗೆ ಬೇಕಾದ, ಬಿರುಕು ಬಿಟ್ಟ ಸಿಲಿಂಡರ್ ಹೆಡ್‌ಗಳನ್ನು ಯುದ್ಧಕಾಲದಲ್ಲಿ ಸೇನೆಗೆ ಸಾಗಿಸಿ ಇಪ್ಪತ್ತೊಂದು ವಿಮಾನಗಳು ಬೀಳಲು ಕಾರಣನಾದವನ ಬದಲು, ಕಳಪೆ ಸಿಮೆಂಟಿನ ಒಬ್ಬ ಮನುಷ್ಯ ರಂಗದ ಮೇಲೆ ಬಂದ. ನಾನೆಣಿಸದೇ ಇದ್ದದ್ದು ನಡೆದದ್ದು ಎರಡನೆಯ ಅಂಕದಲ್ಲಿ. ಇದನ್ನೆಲ್ಲ ನಿನಗಾಗಿ, ಈ ಮನೆಗಾಗಿ ಮಾಡಿದೆ ಎಂದು ಅಪ್ಪ ಮಗನಿಗೆ ಹೇಳುವಲ್ಲಿ ಸಭಾಂಗಣದಲ್ಲಿ ಚಪ್ಪಾಳೆ ಬಿತ್ತು. ಮನೆಮಂದಿಗಾಗಿ ಮಾಡಿದ ತಪ್ಪನ್ನು ನಮ್ಮ ಪ್ರೇಕ್ಷಕರು ತಪ್ಪೆಂದೇ ಎಣಿಸಲಿಲ್ಲ. ಅದಕ್ಕಿಂತ ದೊಡ್ಡ ದೋಷ ನನ್ನದೇ ಆಗಿತ್ತು. ಮೂಲದಲ್ಲಿ ಕಿರಿಯ ಮಗ ಲ್ಯಾರಿಯೂ ಯುದ್ಧ ವಿಮಾನ ಹಾರಿಸುವವನು, ಮೂರು ವರ್ಷಗಳಿಂದ ಕಾಣೆಯಾದವನು. ಅವನು ಸತ್ತಿದ್ದಾನೆಂದು ಒಪ್ಪಿದರೆ ಅವನನ್ನು ಕೊಂದವನು ತನ್ನ ಗಂಡನೇ ಎಂದು ಒಪ್ಪಬೇಕಾಗುತ್ತದೆಂಬ ಕಾರಣಕ್ಕೇ ಕೇಟ್ ಅವನ ದಾರಿ ಕಾಯುತ್ತಿರುತ್ತಾಳೆ. ಸೇತುವೆಯ ಕಥೆಯಲ್ಲಿ ಆ ಕೀಲು ಕಳಚಿಹೋಗಿತ್ತು. ಎರಡು ಪ್ರದರ್ಶನಕ್ಕೆ ನಿಲ್ಲಿಸಿದೆವು, ಇಪ್ಪತ್ತೈದು ಸಾವಿರದ ಹತ್ತಿರ ಕೈಬಿಟ್ಟಿತು.

ಎರಡನೆಯ ಸಲ ಅಮೆರಿಕವನ್ನೂ ಹೆಸರುಗಳನ್ನೂ ಹಾಗೆಯೇ ಉಳಿಸಿಕೊಂಡೆ, ಆದರೆ ಜೋನನ್ನು ಅಪರಾಧಿಯಂತೆ ಆಡಿಸಿದೆ. ಅವನು ಬೆವರುತ್ತಿದ್ದ, ಜೈಲೆಂಬ ಮಾತು ಬಂದರೆ ತಟ್ಟೆಂದು ಮುಖ ತಿರುಗಿಸುತ್ತಿದ್ದ, ಅವನ ಮೇಲೆ ಬೀಳುವ ಬೆಳಕು ಕೆಂಪಾಗುತ್ತಿತ್ತು. ಹತ್ತನೆಯ ನಿಮಿಷಕ್ಕೇ ಎಲ್ಲರಿಗೂ ಎಲ್ಲವೂ ತಿಳಿದು, ಉಳಿದ ಎರಡು ಗಂಟೆ ಜನ ಗಡಿಯಾರ ನೋಡಿಕೊಂಡರು. ಪ್ಲೈವುಡ್ಡಿನಲ್ಲಿ ಇಡೀ ಮನೆಯ ಮುಂಭಾಗ ಕಟ್ಟಿಸಿದ್ದೆ, ಅದಕ್ಕೊಂದಕ್ಕೇ ನಲವತ್ತು ಸಾವಿರವಾಯಿತು. ಅದರ ಸಾಲ ತೀರಿಸಲು ಹೆಂಡತಿಯ ಚೀಟಿ ಹಣಕ್ಕೆ ಕೈಯಿಟ್ಟದ್ದನ್ನು ಆಕೆ ಇಂದಿಗೂ ಮರೆತಿಲ್ಲ. ಮಿಲ್ಲರ್‌ನ ಇದಕ್ಕೂ ಹಿಂದಿನ ನಾಟಕ 1944ರಲ್ಲಿ ಬ್ರಾಡ್‌ವೇಯಲ್ಲಿ ನಾಲ್ಕೇ ಪ್ರದರ್ಶನಕ್ಕೆ ಮುಚ್ಚಿತ್ತು, 1947ರಲ್ಲಿ ಇದು 328 ಪ್ರದರ್ಶನ ಕಂಡಿತು ಎಂಬುದನ್ನು ಆ ದಿನಗಳಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ.

ಮೂರನೆಯ ಸಲ ಮಾಡಿದ್ದು ಇಷ್ಟು. ಪಠ್ಯವನ್ನು ಮುಟ್ಟುವ ಮೊದಲು, ಹದಿನೈದು ದಿನ, ನಾಟಕದಲ್ಲಿ ಇಲ್ಲದ ಒಂದು ದಿನವನ್ನು ಮಾತ್ರ ತಾಲೀಮು ಮಾಡಿದೆವು. ರಾತ್ರಿ ಪಾಳಿಯಿಂದ ಬಿರುಕು ಬಿಟ್ಟ ಭಾಗಗಳು ಒಂದೇ ಸಮನೆ ಬರುತ್ತಿವೆ, ಪಾಲುದಾರ ಸ್ಟೀವ್ ಗಾಬರಿಯಿಂದ ಫೋನ್ ಮಾಡುತ್ತಾನೆ, ಜೋ ಬಿರುಕು ಮುಚ್ಚಿ ಕಳಿಸಿಬಿಡೆಂದು ಹೇಳಿ, ತನಗೆ ಫ್ಲೂ ಎಂದು ಮನೆಯಲ್ಲೇ ಉಳಿಯುತ್ತಾನೆ. ಸ್ಟೀವ್ ಆ ತಪ್ಪನ್ನು ಹೊತ್ತು ನಾಟಕದ ಉದ್ದಕ್ಕೂ ಜೈಲಿನಲ್ಲಿರುವವನು, ರಂಗಕ್ಕೆ ಬರುವುದೇ ಇಲ್ಲ. ಹಾಗಿದ್ದೂ ಆ ಪಾತ್ರಕ್ಕೆ ಒಬ್ಬ ನಟನನ್ನು ಕರೆಸಿ, ಪಕ್ಕದ ಕೋಣೆಯಲ್ಲಿ ಕೂರಿಸಿ, ನಿಜವಾಗಿಯೂ ಫೋನ್ ಮಾಡಿಸಿದೆ. ಪಾತ್ರವಿಲ್ಲದ ನಟನಿಗೆ ಬಸ್ ಚಾರ್ಜು ಕೊಡುವ ನಿರ್ದೇಶಕನೆಂದು ತಂಡದಲ್ಲೇ ನಗಾಡಿದರು. ಬೆಂಚಿನ ಮೇಲೆ ಕಂಬಳಿ ಹೊದ್ದು ಮಲಗಿದ ಜೋ ಫೋನ್ ಇಟ್ಟ ಮೇಲೆ ಕೇಟ್ ಒಳಗಿನಿಂದ ಬಂದು ಅವನ ಹಣೆ ಮುಟ್ಟಿ ನೋಡಬೇಕು. ಆರನೆಯ ದಿನ ಆಕೆ ಹಣೆ ಮುಟ್ಟಿದವಳು ಕೈಯನ್ನು ಹಾಗೆಯೇ ತಡೆದು, ಸೆರಗಿಗೆ ಒರೆಸಿಕೊಂಡಳು. ಹಣೆ ತಣ್ಣಗಿತ್ತು. ಆಕೆಗೆ ಅಂದೇ ಗೊತ್ತಿತ್ತೆಂಬುದನ್ನು ನಾನು ಯಾರಿಗೂ ವಿವರಿಸಬೇಕಾಗಲಿಲ್ಲ.

ಅದಾದ ಮೇಲೆ ಜೋನಿಗೆ ಮೊದಲೆರಡು ಅಂಕಗಳಲ್ಲಿ ಪಾಪಪ್ರಜ್ಞೆಯನ್ನು ಪೂರ್ತಿ ನಿಷೇಧಿಸಿದೆ. ತಲೆ ತಗ್ಗಿಸುವಂತಿಲ್ಲ, ಮಾತಿನ ಮಧ್ಯೆ ತಡೆಯುವಂತಿಲ್ಲ, ನಿಟ್ಟುಸಿರಂತೂ ಕೂಡದು. ಪಕ್ಕದ ಮನೆಯ ಹುಡುಗನೊಡನೆ ಜೈಲಿನ ಆಟವನ್ನು ಅವನು ಮನಸಾರೆ ನಕ್ಕು ಆಡಬೇಕು. ನಟ ಎರಡು ವಾರ ಮುನಿಸಿಕೊಂಡ, ಇದರಲ್ಲಿ ಅಭಿನಯಕ್ಕೆ ಏನಿದೆಯೆಂದು ಕೇಳಿದ. ಅವನ ಭಾರವೆಲ್ಲ ತಾಯಿಯ ಮೇಲೆ ಬೀಳಲೆಂಬುದು ನನ್ನ ಲೆಕ್ಕವಾಗಿತ್ತು. ಮಿಲ್ಲರ್‌ನ ಮೊದಲ ಕರಡುಗಳಲ್ಲಿಯೂ ತಾಯಿಯೇ ಮುಖ್ಯಳಾಗಿದ್ದಳು, ಆಗ ನಾಟಕಕ್ಕೆ ಧನುರಾಶಿಯ ಹೆಸರಿತ್ತು.

ಇಡೀ ನಾಟಕ ತಿರುಗುವುದು ಎರಡನೆಯ ಅಂಕದ ಒಂದು ಸಣ್ಣ ಮರೆವಿನ ಮೇಲೆ. ಸ್ಟೀವ್‌ನ ಮಗ ಜಾರ್ಜ್ ಜಗಳಕ್ಕೆಂದು ಬಂದವನು ಕೇಟ್‌ಳ ಅಕ್ಕರೆಗೆ ಕರಗುತ್ತಿರುವಾಗ, ಆಕೆ ಗಂಡನ ಬಗ್ಗೆ ಹೆಮ್ಮೆಯಿಂದ, ಹದಿನೈದು ವರ್ಷದಲ್ಲಿ ಒಂದು ದಿನವೂ ಹಾಸಿಗೆ ಹಿಡಿದವರಲ್ಲ ಎನ್ನುತ್ತಾಳೆ. ಯುದ್ಧದ ಕಾಲದ ಆ ಫ್ಲೂ ಒಂದು ಬಿಟ್ಟು ಎಂದು ಜೋ ಸೇರಿಸುತ್ತಾನೆ. ಆಗ ಆಕೆಯ ಬಾಯಿಂದ ಬರುವುದು ಒಂದು ಉದ್ಗಾರ ಮಾತ್ರ. ನನ್ನ ಹಳೆಯ ಅನುವಾದದಲ್ಲಿ ಅದು “ಯಾವ ಜ್ವರ?” ಎಂದಿತ್ತು, ಅದು ಪೊಲೀಸರ ಎದುರಿನ ಹೇಳಿಕೆಯಂತೆ ಕೇಳುತ್ತಿತ್ತು. “ಏನು?” ಎಂದು ಮಾಡಿದೆ, ಅದು ಕಿವಿ ಕೇಳದವರ ಪ್ರಶ್ನೆಯಾಯಿತು. ಕೊನೆಗೆ ಮೂಗಿನಲ್ಲಿ ಎಳೆದ ಒಂದು “ಹಾಂ?” ಮಾತ್ರ ಉಳಿಯಿತು, ಆ ಒಂದು ಅಕ್ಷರಕ್ಕೆ ನಾಲ್ಕು ಸಂಜೆ ಹಿಡಿಯಿತು. ಸಂತೋಷದಲ್ಲಿದ್ದ ಹೆಂಗಸು ಕ್ಷಣಹೊತ್ತು ಸುಳ್ಳನ್ನು ಮರೆತಿದ್ದಾಳೆ, ಅಷ್ಟೇ. ಸಭಾಂಗಣದಲ್ಲಿ ಯಾರೋ “ಅಯ್ಯೋ” ಎಂದದ್ದು ನನಗೆ ಬೆಳಕಿನ ಬೋರ್ಡಿನವರೆಗೂ ಕೇಳಿಸಿತು.

ಇಂಗ್ಲಿಷಿನಲ್ಲಿ ಇಲ್ಲದ ಒಂದು ಅಸ್ತ್ರ ನಮ್ಮಲ್ಲಿದೆ. ಹಿರಿಯ ಮಗ ಕ್ರಿಸ್ ಅಪ್ಪನನ್ನು ಆರಂಭದಿಂದ “ನೀವು” ಎನ್ನುತ್ತಾನೆ, ಎರಡನೆಯ ಅಂಕದ ಕೊನೆಯಲ್ಲಿ ಅಪ್ಪನ ಭುಜಕ್ಕೆ ಮುಷ್ಟಿಯಿಂದ ಗುದ್ದುವ ಮೊದಲಿನ ವಾಕ್ಯದಲ್ಲಿ ಏಕವಚನಕ್ಕೆ ಇಳಿಯುತ್ತಾನೆ. ನಮ್ಮ ಕ್ರಿಸ್ ಧಾರವಾಡದ ಕಡೆಯವನು, ಮನೆಯಲ್ಲಿ ಅಪ್ಪನಿಗೆ “ನೀ” ಎಂದೇ ಅಂದು ಬೆಳೆದವನು, ಅವನ ಬಾಯಲ್ಲಿ ಏಕವಚನಕ್ಕೆ ಪೆಟ್ಟೇ ಇರಲಿಲ್ಲ. ಒಂದು ತಿಂಗಳು ತಾಲೀಮಿನ ಹೊರಗೂ ಜೋ ಪಾತ್ರಧಾರಿಯನ್ನು ಬಹುವಚನದಲ್ಲೇ ಮಾತನಾಡಿಸಬೇಕೆಂದು ಕಟ್ಟುಮಾಡಿದೆ.

ನಡುವೆ ಕೆಲವು ಅಡ್ಡಪ್ರಯೋಗಗಳೂ ನಡೆದವು. ಒಂದು ಸಂಜೆ ಅಪ್ಪ–ಮಗನ ಪಾತ್ರಗಳನ್ನು ಅದಲುಬದಲು ಮಾಡಿಸಿದಾಗ, ಕ್ರಿಸ್ ಅಷ್ಟೇನೂ ಶುದ್ಧನಲ್ಲವೆಂಬುದು ಬಿಚ್ಚಿಕೊಂಡಿತು. ಅವನಿಗೆ ಅನುಮಾನ ಮೊದಲೇ ಇತ್ತು, ಸುಮ್ಮನಿದ್ದ, ಕಾರ್ಖಾನೆಯ ಹಣದಲ್ಲೇ ಬದುಕಿದ. ಅಲ್ಲಿಂದ ಅವನ ಸಿಟ್ಟಿನಲ್ಲಿ ಅರ್ಧದಷ್ಟು ತನ್ನ ಮೇಲಿನದೇ ಆಯಿತು, ಅಪ್ಪನನ್ನು ಬೈಯುವಾಗಿನ ಆ ಉಪದೇಶದ ದನಿಯೂ ಬಿಟ್ಟುಹೋಯಿತು. ಇನ್ನೊಮ್ಮೆ ಸಮಯ ಉಳಿಸಲು ನೆರೆಯವನು ಲ್ಯಾರಿಯ ಜಾತಕ ಬರೆಯುವ ಭಾಗವನ್ನು ಕತ್ತರಿಸಿದೆ. ತಾಯಿಯ ನಂಬಿಕೆಗೆ ಆಧಾರವೇ ಹೋಗಿ ಮೂರನೆಯ ಅಂಕ ಕುಂಟಿತು, ಮರಳಿ ಸೇರಿಸಿದೆ. ತಮಾಷೆಯೆಂದರೆ, ಜಾತಕ ಮಾತ್ರ ನಾವು ಸೇರಿಸಿದ್ದೆಂದು ನೋಡಿದವರಲ್ಲಿ ಬಹಳ ಜನ ತಿಳಿದಿದ್ದರು.

ಈ ಸಲ ಮನೆ ಕಟ್ಟಿಸಲಿಲ್ಲ. ಹಳೆಯ ಮರ ಮಾರುವವರಲ್ಲಿ ಎರಡೂವರೆ ಸಾವಿರಕ್ಕೆ ಸಿಕ್ಕ ಒಂದು ಬಾಗಿಲು ಚೌಕಟ್ಟು, ಮೂರು ಮೆಟ್ಟಿಲು, ಮುರಿದ ಗಿಡದ ಬೊಡ್ಡೆ, ಇಷ್ಟೇ. ಪ್ರದರ್ಶನದ ಹಕ್ಕು, ಸಭಾಂಗಣ, ಬೆಳಕು, ಊಟ, ಓಡಾಟ ಎಲ್ಲ ಸೇರಿ ಒಂದು ಲಕ್ಷದ ಆಸುಪಾಸು ಆಗಿರಬೇಕು. ನೂರೈವತ್ತರ ಟಿಕೆಟ್ಟಿನಲ್ಲಿ ಏಳು ಪ್ರದರ್ಶನವಾಗಿ, ಕೈಯಲ್ಲಿ ಹದಿನೆಂಟು ಸಾವಿರ ಉಳಿಯಿತು, ಅದು ಚೀಟಿ ಹಣಕ್ಕೆ ವಾಪಸಾಯಿತು. ಕೊನೆಯಲ್ಲಿ ಮನೆಯೊಳಗಿನಿಂದ ಕೇಳುವ ಗುಂಡಿನ ಸದ್ದನ್ನು ಹೇಗೆ ತೆಗೆದೆವೆಂದು ಹಲವರು ಕೇಳಿದ್ದಾರೆ. ಪಟಾಕಿಯೂ ಅಲ್ಲ, ರೆಕಾರ್ಡಿಂಗೂ ಅಲ್ಲ ಎಂಬಷ್ಟನ್ನು ಬರೆಯಬಲ್ಲೆ, ಉಳಿದದ್ದು ನಮ್ಮ ತಂಡದ ಸ್ವತ್ತು.

ಜೋನ ಪಾತ್ರಧಾರಿಗೆ ಈಗ ವರ್ಗವಾಗಿದೆ, ಹೊಸಬರೊಬ್ಬರು ಒಪ್ಪಿದ್ದಾರೆ. ಅವರು ಪಠ್ಯ ಕೇಳಿದರು, ಇನ್ನೂ ಕೊಟ್ಟಿಲ್ಲ. ಮುಂದಿನ ಸೋಮವಾರದಿಂದ ಬೆಂಚು, ಕಂಬಳಿ ಮತ್ತು ಫೋನಿನಿಂದಲೇ ಶುರುಮಾಡುತ್ತೇವೆ. ಸ್ಟೀವ್ ಬರುತ್ತೇನೆಂದಿದ್ದಾನೆ, ಹಳೆಯ ಬಸ್ ಚಾರ್ಜಿನ ಬಾಕಿಯನ್ನೂ ನೆನಪಿಸಿದ್ದಾನೆ.