ಸಂಬಳ ಏರಿದರೆ ಮಂಗಳವಾರದ ದುಡ್ಡು ಎಷ್ಟು ಇಳಿಯುತ್ತೆ?

ನಮ್ಮ ಪಕ್ಕದ ಮನೆಯವರು ಹಾಸನದ ಕಡೆಯವರು. ಗಂಡ ಆಕ್ಲೆಂಡಿನಲ್ಲಿ ಬಸ್ ಓಡಿಸುತ್ತಾರೆ. ಹೆಂಡತಿಗೆ ರೆಸ್ಟ್ ಹೋಮಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಪಾರ್ಟ್ ಟೈಮ್ ಕೆಲಸ. ಒಂಬತ್ತು ವರ್ಷದ ಮಗಳು, ಆರು ವರ್ಷದ ಮಗ. 2025ರ ಸೆಪ್ಟೆಂಬರ್ ಕೊನೆಯಲ್ಲಿ ಒಂದು ಸಂಜೆ, ಬಟ್ಟೆ ತೆಗೆಯಲು ಹಿತ್ತಲಿಗೆ ಬಂದ ಆಕೆ ಬೇಲಿ ಹತ್ತಿರ ನಿಂತು ಕೇಳಿದರು: "ಅಕ್ಕಾ, ಅಕ್ಟೋಬರಿಂದ ಎಕ್ಸ್‌ಟ್ರಾ ಶಿಫ್ಟ್ ಕೊಡ್ತೀವಿ ಅಂತಿದಾರೆ. ತಗೊಂಡ್ರೆ ಮಂಗಳವಾರದ ದುಡ್ಡು ನಿಂತೋಗುತ್ತಂತೆ, ಹೌದಾ? ಹಂಗಿದ್ರೆ ಸುಮ್ನೆ ಯಾಕೆ ಮೈ ನೋಯಿಸ್ಕೋಬೇಕು?"

ಮಂಗಳವಾರದ ದುಡ್ಡು ಅಂದರೆ ನ್ಯೂಜಿಲೆಂಡ್ ಸರ್ಕಾರ ಮಕ್ಕಳಿರುವ ಸಂಸಾರಗಳಿಗೆ ಮಂಗಳವಾರ ಮಂಗಳವಾರ ಕೊಡುವ ವರ್ಕಿಂಗ್ ಫಾರ್ ಫ್ಯಾಮಿಲೀಸ್ ಹಣ. 2004ರ ಬಜೆಟ್‌ನಲ್ಲಿ ಹೆಲೆನ್ ಕ್ಲಾರ್ಕ್ ಸರ್ಕಾರ ತಂದದ್ದು. ಹೆಚ್ಚಿನ ಮನೆಗಳಿಗೆ ಬರುವುದು ಇದರ ಎರಡು ತುಂಡು: ಮಕ್ಕಳ ಲೆಕ್ಕದಲ್ಲಿ ಬರುವ ಫ್ಯಾಮಿಲಿ ಟ್ಯಾಕ್ಸ್ ಕ್ರೆಡಿಟ್ ಮತ್ತು ದುಡಿಯುವ ಮನೆಗಳಿಗೆ ಬರುವ ಇನ್-ವರ್ಕ್ ಟ್ಯಾಕ್ಸ್ ಕ್ರೆಡಿಟ್. ಹೆಸರಿನಲ್ಲಿ ಟ್ಯಾಕ್ಸ್ ಇದೆ ಅಷ್ಟೇ, ಬರುವುದು ಬ್ಯಾಂಕ್ ಖಾತೆಗೆ ದುಡ್ಡಾಗಿಯೇ. ಕೊಡುವವರು ಇನ್‌ಲ್ಯಾಂಡ್ ರೆವಿನ್ಯೂ. ನಮ್ಮ ಬಾಯಲ್ಲಿ ಐಆರ್‌ಡಿ. ವರ್ಕ್ ವೀಸಾದಲ್ಲಿ ಇರುವವರಿಗೆ ಸಾಮಾನ್ಯವಾಗಿ ಇದು ಸಿಗುವುದಿಲ್ಲ, ರೆಸಿಡೆನ್ಸಿ ಬಂದ ಮೇಲಿನ ಮಾತು.

ಆಕೆಗೆ ನಾನು ಹೇಳಿದ್ದು ಇಷ್ಟು: ನಿಲ್ಲುವುದಿಲ್ಲ, ಇಳಿಯುತ್ತೆ. ಎಷ್ಟು ಇಳಿಯುತ್ತೆ ಅನ್ನುವುದನ್ನು ಒಂದು ಕಾಗದ, ಒಂದು ಕ್ಯಾಲ್ಕುಲೇಟರ್ ಇಟ್ಟುಕೊಂಡು ಹತ್ತು ನಿಮಿಷದಲ್ಲಿ ತಿಳಿಯಬಹುದು. ಇಲ್ಲಿನ ಅಂಕಿಗಳೆಲ್ಲ 2025ರ ಏಪ್ರಿಲ್ 1ರಿಂದ 2026ರ ಮಾರ್ಚ್ 31ರವರೆಗಿನ ವರ್ಷದವು. ಹೌದು, ಇಲ್ಲಿಯೂ ಲೆಕ್ಕದ ವರ್ಷ ನಮ್ಮ ಊರಿನ ಹಾಗೆಯೇ ಏಪ್ರಿಲ್‌ಗೆ ಶುರು, ಮಾರ್ಚ್‌ಗೆ ಮುಕ್ತಾಯ. ಅಷ್ಟರಮಟ್ಟಿಗೆ ನಮಗೆ ಹೊಸದಾಗಿ ಕಲಿಯುವುದೇನಿಲ್ಲ.

ಮೊದಲು, ಮನೆಯ ಆದಾಯ ಬರೆದುಕೊಳ್ಳಿ

ಎಡವುವುದು ಇಲ್ಲೇ. ಬೇಕಾದದ್ದು ಗಂಡ ಹೆಂಡತಿ ಇಬ್ಬರದೂ ಸೇರಿದ, ಇಡೀ ವರ್ಷದ, ಟ್ಯಾಕ್ಸ್ ಹಿಡಿಯುವ ಮುಂಚಿನ ಆದಾಯ. ತುಂಬಾ ಜನ ಕೈಗೆ ಬರುವ ಸಂಬಳ ಬರೆದುಬಿಡುತ್ತಾರೆ. ಓವರ್‌ಟೈಮ್, ಬೋನಸ್, ಹಾಲಿಡೇ ಪೇ ಎಲ್ಲವೂ ಸೇರಬೇಕು. ನಿವೃತ್ತಿಗೆ ಅಂತ ಕೂಡಿಡುವ ಕಿವಿಸೇವರ್‌ಗೆ ನಿಮ್ಮ ಸಂಬಳದಿಂದ ಹೋಗುವ ದುಡ್ಡನ್ನು ಕಳೆಯುವ ಹಾಗಿಲ್ಲ. ಊರಲ್ಲಿ 80ಸಿ ಅಂತ ಎಲ್‌ಐಸಿ ತೋರಿಸಿ ಆದಾಯ ತಗ್ಗಿಸಿ ಅಭ್ಯಾಸ ಆಗಿರುತ್ತೆ, ಅಲ್ವಾ? ಆ ದಾರಿ ಇಲ್ಲಿಲ್ಲ.

ಊರಿನ ಆದಾಯದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಹೊಸದಾಗಿ ಬಂದು ನೆಲೆಸಿದವರಿಗೆ ಇಲ್ಲಿ ಸುಮಾರು ನಾಲ್ಕು ವರ್ಷ ಒಂದು ವಿನಾಯಿತಿ ಇದೆ. ಬೆಂಗಳೂರಿನ ಮನೆ ಬಾಡಿಗೆ, ಎಫ್‌ಡಿ ಬಡ್ಡಿ ಇಂಥವಕ್ಕೆ ನ್ಯೂಜಿಲೆಂಡಿನಲ್ಲಿ ಟ್ಯಾಕ್ಸ್ ಇಲ್ಲ. ಆದರೆ ನೀವೋ ನಿಮ್ಮ ಸಂಗಾತಿಯೋ ವರ್ಕಿಂಗ್ ಫಾರ್ ಫ್ಯಾಮಿಲೀಸ್‌ಗೆ ಅರ್ಜಿ ಹಾಕಿದಿರೋ, ಆ ವಿನಾಯಿತಿ ಹೋಯಿತು. ಎರಡೂ ಒಟ್ಟಿಗೆ ಸಿಗುವುದಿಲ್ಲ. ಬಿಟ್ಟ ಮೇಲೆ ವಾಪಸ್ ಕೂಡ ಸಿಗುವುದಿಲ್ಲ. ಜಯನಗರದಲ್ಲಿ ಎರಡು ಮನೆ ಬಾಡಿಗೆಗೆ ಕೊಟ್ಟು ಬಂದವರು ಅರ್ಜಿ ಹಾಕುವ ಮುಂಚೆ ಲೆಕ್ಕದವರ ಹತ್ತಿರ ಒಂದು ಮಾತು ಕೇಳಿದರೆ ಆ ಫೀಸು ದಂಡ ಅಲ್ಲ. ಹಾಗೆಯೇ, ಮನೆ ಖರ್ಚಿಗೆ ಅಂತ ಅಪ್ಪ ಅಮ್ಮ ಊರಿಂದ ಕಳಿಸುವ ದುಡ್ಡು ವರ್ಷಕ್ಕೆ 5,000 ಡಾಲರ್ ದಾಟಿದರೆ ಅದೂ ಈ ಲೆಕ್ಕಕ್ಕೆ ಬರುತ್ತದೆ.

ಪಕ್ಕದ ಮನೆಯ ಲೆಕ್ಕದಲ್ಲಿ ಇಂಥ ತೊಡಕು ಯಾವುದೂ ಇರಲಿಲ್ಲ. ಆತನದು 55,000, ಆಕೆಯದು 20,000. ಒಟ್ಟು 75,000 ಡಾಲರ್.

ಆಮೇಲೆ, ಪೂರ್ತಿ ಮೊತ್ತ ಎಷ್ಟು ನೋಡಿ

ಫ್ಯಾಮಿಲಿ ಟ್ಯಾಕ್ಸ್ ಕ್ರೆಡಿಟ್ ದೊಡ್ಡ ಮಗುವಿಗೆ ವರ್ಷಕ್ಕೆ 7,504 ಡಾಲರ್, ಎರಡನೆಯದಕ್ಕೆ 6,113. ಇನ್-ವರ್ಕ್ ಟ್ಯಾಕ್ಸ್ ಕ್ರೆಡಿಟ್, ಮೂರು ಮಕ್ಕಳವರೆಗೆ, ಮನೆಗೆ ವಾರಕ್ಕೆ 97.50, ಅಂದರೆ ವರ್ಷಕ್ಕೆ 5,070. ಮೂರೂ ಸೇರಿ 18,687. ಆ ವರ್ಷ ಈ ಪೂರ್ತಿ ಮೊತ್ತ ಸಿಗುತ್ತಿದ್ದದ್ದು ಮನೆಯ ಆದಾಯ 42,700 ಡಾಲರ್‌ವರೆಗೆ ಇದ್ದರೆ ಮಾತ್ರ. ಅದರ ಮೇಲೆ ದುಡಿದ ಪ್ರತಿ ಡಾಲರ್‌ಗೂ 27 ಸೆಂಟ್ ಕಡಿತ.

ಈ 42,700ರ ಗೆರೆ ಹಾಕಿದ್ದು 2018ರ ಜುಲೈನಲ್ಲಿ. ಆಮೇಲೆ ಸಂಬಳ ಏರಿತು, ಅಕ್ಕಿ ಬೇಳೆ ಏರಿತು, ಬಾಡಿಗೆಯಂತೂ ಕೇಳಲೇಬೇಡಿ. ಗೆರೆ ಮಾತ್ರ ಹಾಕಿದಲ್ಲೇ ನಿಂತಿತ್ತು. ಮೇಲಾಗಿ 2022ರಲ್ಲಿ ಕಡಿತವನ್ನು 25 ಸೆಂಟ್‌ನಿಂದ 27ಕ್ಕೆ ಏರಿಸಿದರು. "ನಂಗೆ ಬರ್ತಿದ್ದದ್ದು ಕಮ್ಮಿ ಆಯ್ತು" ಅನ್ನುವ ದೂರಿಗೆ ಎಷ್ಟೋ ಮನೆಗಳಲ್ಲಿ ನಿಜವಾದ ಕಾರಣ ಇದೇ. 2025ರ ಬಜೆಟ್‌ನಲ್ಲಿ ಗೆರೆಯನ್ನು 44,900ಕ್ಕೂ ಕಡಿತವನ್ನು 27.5 ಸೆಂಟ್‌ಗೂ ಒಯ್ಯುವುದಾಗಿ ಹೇಳಿದರು, 2026ರ ಏಪ್ರಿಲ್ 1ರಿಂದ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಚೂರು ಕಿತ್ತುಕೊಂಡ ಹಾಗೆ.

ಈಗ ಕಳೆಯುವುದು, ಗುಣಿಸುವುದು

75,000ದಲ್ಲಿ 42,700 ಕಳೆದರೆ 32,300. ಅದರ ನೂರಕ್ಕೆ 27 ಅಂದರೆ 8,721. ಪೂರ್ತಿ ಮೊತ್ತ 18,687ರಲ್ಲಿ ಇದನ್ನು ಕಳೆದರೆ ಉಳಿಯುವುದು 9,966. 52 ವಾರಕ್ಕೆ ಹಂಚಿದರೆ ವಾರಕ್ಕೆ 191 ಡಾಲರ್ 65 ಸೆಂಟ್. ಆಕೆ ಫೋನಿನಲ್ಲಿ ಬ್ಯಾಂಕ್ ಆ್ಯಪ್ ತೆಗೆದು ನೋಡಿದರು. ಅಷ್ಟೇ ಬಂದಿತ್ತು.

ಎಕ್ಸ್‌ಟ್ರಾ ಶಿಫ್ಟ್ ಇಡೀ ವರ್ಷ ಮಾಡಿದರೆ ಆಕೆಯ ಸಂಬಳ 30,000, ಮನೆಯ ಆದಾಯ 85,000. ಹೆಚ್ಚಾದ 10,000ಕ್ಕೆ 27 ಸೆಂಟ್‌ನಂತೆ 2,700 ಇಳಿಯುತ್ತದೆ. ಉಳಿಯುವುದು 7,266, ವಾರಕ್ಕೆ ಸುಮಾರು 139.73. ಕಡಿತ ಮೊದಲು ಫ್ಯಾಮಿಲಿ ಟ್ಯಾಕ್ಸ್ ಕ್ರೆಡಿಟ್ ಅನ್ನು ತಿನ್ನುತ್ತದೆ, ಅದು ಮುಗಿದ ಮೇಲೆ ಇನ್-ವರ್ಕ್‌ಗೆ ಕೈ ಹಾಕುತ್ತದೆ. ಈ ಮನೆಗೆ ಪೂರ್ತಿ ಸೊನ್ನೆ ಆಗುವುದು ಆದಾಯ ಹತ್ತಿರ ಹತ್ತಿರ 1,12,000 ತಲುಪಿದಾಗ. ಹಾಗಾಗಿ "ನಿಂತೋಗುತ್ತಂತೆ" ಅನ್ನುವುದು ಬರೀ ಗಾಳಿಸುದ್ದಿ.

ಹಾಗಾದರೆ ದುಡಿದದ್ದರಲ್ಲಿ ಉಳಿಯುವುದೆಷ್ಟು?

ಆಕೆಯ ನಿಜವಾದ ಪ್ರಶ್ನೆ ಇದು. ಕೆಲಸದ ಮೇಲೆ ಬೀಳುವ ಟ್ಯಾಕ್ಸನ್ನೂ ಸೇರಿಸಿ ನೋಡಬೇಕು. 15,600ರಿಂದ 53,500 ಡಾಲರ್‌ವರೆಗಿನ ಸಂಬಳಕ್ಕೆ ನೂರಕ್ಕೆ 17.5 ಟ್ಯಾಕ್ಸ್. ಅಪಘಾತ ವಿಮೆಯ ಎಸಿಸಿ 1.67. ಜೊತೆಗೆ ನಮ್ಮ ಈ 27. ಒಟ್ಟು 46.17. ಆ ವರ್ಷ ಕನಿಷ್ಠ ವೇತನ ಗಂಟೆಗೆ 23.50 ಇತ್ತು. ಅದೇ ಸಂಬಳ ಅಂದುಕೊಂಡರೆ, ಹೆಚ್ಚುವರಿ ಒಂದು ಗಂಟೆಗೆ ಮನೆಗೆ ನಿಜವಾಗಿ ಉಳಿಯುವುದು 12 ಡಾಲರ್ 65 ಸೆಂಟ್. 10,000ಕ್ಕೆ 5,383.

ಅದೇ 10,000ವನ್ನು ಗಂಡ ಓವರ್‌ಟೈಮ್ ಮಾಡಿ ದುಡಿದರೆ? ಅವರ ಸಂಬಳ ಆಗಲೇ 53,500 ದಾಟಿದೆ, ಅವರಿಗೆ ಟ್ಯಾಕ್ಸ್ ನೂರಕ್ಕೆ 30. ಎಲ್ಲ ಸೇರಿ 58.67 ಹೋಗಿ ಕೈಗೆ ಉಳಿಯುವುದು 4,133. ವರ್ಕಿಂಗ್ ಫಾರ್ ಫ್ಯಾಮಿಲೀಸ್‌ಗೆ ಯಾರು ದುಡಿದರೂ ಒಂದೇ, ಅದು ಮನೆಯ ಲೆಕ್ಕ. ಟ್ಯಾಕ್ಸ್ ಮಾತ್ರ ತಲೆ ಲೆಕ್ಕ. ಹಾಗಾಗಿ ಹೆಚ್ಚುವರಿ ಕೆಲಸ ಯಾರು ತೆಗೆದುಕೊಳ್ಳಬೇಕು ಅನ್ನುವುದಕ್ಕೆ 1,250 ಡಾಲರ್ ವ್ಯತ್ಯಾಸ. ಇದನ್ನು ಕೇಳಿದ ಮೇಲೆ ಆಕೆ ಒಳಗೆ ಟಿವಿ ನೋಡುತ್ತಿದ್ದ ಗಂಡನ ಕಡೆ ಒಮ್ಮೆ ತಿರುಗಿ ನೋಡಿದರು.

ನನ್ನನ್ನು ಕೇಳಿದರೆ, ಶಿಫ್ಟ್ ಬೇಡ ಅನ್ನುವಷ್ಟು ಕೆಟ್ಟ ಲೆಕ್ಕವೇನಲ್ಲ ಇದು. ಆದರೆ ಆ ಹೊತ್ತಿಗೆ ಮಕ್ಕಳನ್ನು ನೋಡಿಕೊಳ್ಳಲು ಆಫ್ಟರ್ ಸ್ಕೂಲ್ ಕೇರ್‌ಗೆ ದುಡ್ಡು ಕೊಡಬೇಕಾದರೆ, ಅಥವಾ ಸ್ಟೂಡೆಂಟ್ ಲೋನಿನ 12 ಪರ್ಸೆಂಟ್ ಕೂಡ ಕಟ್ ಆಗುತ್ತಿದ್ದರೆ, 12.65 ಬಹಳ ಬೇಗ ಕರಗುತ್ತದೆ. ಆಕೆಗೆ ಆ ಚಿಂತೆ ಇರಲಿಲ್ಲ. ಗಂಡನ ಬಸ್ ಶಿಫ್ಟ್ ಬೆಳಗ್ಗೆ, ಆಕೆಯದು ಸಂಜೆ.

ಐಆರ್‌ಡಿಗೆ ಯಾವಾಗ ಹೇಳಬೇಕು?

ಹೊಸ ಸಂಬಳ ಶುರುವಾದ ವಾರವೇ. ಪ್ರತಿ ಪೇ ಡೇ ಆದಾಗ ಕೆಲಸ ಕೊಟ್ಟವರು ನಿಮ್ಮ ಸಂಬಳದ ವಿವರ ಐಆರ್‌ಡಿಗೆ ಕಳಿಸುತ್ತಾರೆ ನಿಜ. "ಅವರಿಗೆ ಗೊತ್ತಿರುತ್ತಲ್ಲ" ಅಂತ ಕೂರಬೇಡಿ. ವಾರದ ಹಣ ನಿಂತಿರುವುದು ನೀವು ಕೊಟ್ಟ ಅಂದಾಜಿನ ಮೇಲೆ. ಅದನ್ನು ಬದಲಾಯಿಸುವ ಕೆಲಸ ನಿಮ್ಮದು.

ತಡವಾದರೆ ಏನಾಗುತ್ತೆ ನೋಡಿ. ಅಕ್ಟೋಬರಿಂದ ಮಾರ್ಚ್‌ವರೆಗೆ ಅರ್ಧ ವರ್ಷ, ಆಕೆಗೆ ಹೆಚ್ಚು ಬರುವುದು 5,000. ಅದಕ್ಕೆ ಕಡಿತ 1,350. ಅಕ್ಟೋಬರ್ ಶುರುವಲ್ಲೇ ಹೇಳಿದರೆ ಉಳಿದ 26 ವಾರಕ್ಕೆ ಹಂಚಿ, ವಾರಕ್ಕೆ 52 ಡಾಲರ್ ಇಳಿಸಿದರೆ ಸರಿಹೋಗುತ್ತದೆ. ಜನವರಿಯಲ್ಲಿ ನೆನಪಾದರೆ 13 ವಾರ ಉಳಿದಿರುತ್ತವೆ, ವಾರಕ್ಕೆ 104 ಇಳಿಯಬೇಕು. ಹೇಳದೇ ಇದ್ದರೆ, ಮಾರ್ಚ್ ಕಳೆದ ಮೇಲೆ ನಡೆಯುವ ವರ್ಷದ ಲೆಕ್ಕದಲ್ಲಿ ಇಡೀ 1,350 ನಿಮ್ಮ ತಲೆ ಮೇಲೆ ಬಾಕಿ. ಕಂತಿನಲ್ಲಿ ಕಟ್ಟುತ್ತೇನೆ ಅಂತ ಕೇಳಬಹುದು, ಆದರೆ ಖರ್ಚಾಗಿ ಹೋದ ದುಡ್ಡನ್ನು ವಾಪಸ್ ಕಟ್ಟುವ ಸಂಕಟ ಬೇರೆಯೇ. ನಮ್ಮ ಮನೆಯಲ್ಲೂ ಒಂದು ವರ್ಷ ಆಗಿತ್ತು. ಯಾರನ್ನೂ ಬೈಯುವ ಹಾಗಿರಲಿಲ್ಲ. ಹೈಕ್ ಬಂದ ಖುಷಿಯಲ್ಲಿ ಮರೆತವಳು ನಾನೇ.

ಬದಲಾಯಿಸುವುದು ಕಷ್ಟವೇನಿಲ್ಲ. ಐಆರ್‌ಡಿಯ ಆನ್‌ಲೈನ್ ಖಾತೆ ಮೈಐಆರ್‌ಗೆ ಲಾಗಿನ್ ಆಗಿ, ವರ್ಕಿಂಗ್ ಫಾರ್ ಫ್ಯಾಮಿಲೀಸ್ ಒಳಗೆ ಹೋಗಿ, ಮನೆಯ ಆದಾಯದ ಅಂದಾಜನ್ನು ತಿದ್ದಿ. ಇಬ್ಬರ ಪೇ ಸ್ಲಿಪ್ ಕೈಯಲ್ಲಿರಲಿ. ಅದರಲ್ಲಿ ವರ್ಷದ ಶುರುವಿಂದ ಇಲ್ಲಿಯವರೆಗೆ ಬಂದ ಒಟ್ಟು ಸಂಬಳ ಇರುತ್ತದೆ. ಅದಕ್ಕೆ ಉಳಿದ ವಾರಗಳ ಹೊಸ ಸಂಬಳ ಸೇರಿಸಿದರೆ ಬೇಕಾದ ಅಂಕಿ ಸಿಕ್ಕಿತು. ಓವರ್‌ಟೈಮ್ ಎಷ್ಟು ಬರುತ್ತೋ ಗೊತ್ತಿಲ್ಲ ಅನ್ನುವವರು ಅಂದಾಜನ್ನು ಎರಡು ಮೂರು ಸಾವಿರ ಮೇಲಕ್ಕೇ ಇಡಿ. ಕಡಿಮೆ ಬಂದಿದ್ದರೆ ವರ್ಷದ ಕೊನೆಗೆ ಉಳಿದದ್ದು ನಿಮ್ಮ ಖಾತೆಗೆ ಬರುತ್ತದೆ. ಆದಾಯ ಇಳಿದರೂ ಹೇಳಿ. ಅದನ್ನು ಯಾರೂ ಹೇಳುವುದೇ ಇಲ್ಲ.

ಇನ್ನೊಂದು ಕಡೆ ಜನ ಜಾರುತ್ತಾರೆ: ಮುಂದಿನ ಏಪ್ರಿಲ್. ಆ ವರ್ಷ ಆಕೆಯ ಹೆಚ್ಚುವರಿ ಸಂಬಳ ಆರು ತಿಂಗಳದ್ದು, ಹಾಗಾಗಿ ಮನೆಯ ಆದಾಯ 80,000. ಮುಂದಿನ ವರ್ಷ ಅದೇ ಕೆಲಸ, ಅದೇ ಶಿಫ್ಟ್, ಆದರೆ ಹನ್ನೆರಡು ತಿಂಗಳು. ಆದಾಯ 85,000. ಏನೂ ಬದಲಾಗಿಲ್ಲ ಅಂತ ಹಳೆಯ ಅಂದಾಜನ್ನೇ ಬಿಟ್ಟರೆ ಮತ್ತೆ ಬಾಕಿ. ಹೊಸ ವರ್ಷದ ನೋಟಿಸ್ ಬಂದಾಗ ಅದರಲ್ಲಿರುವ ಆದಾಯದ ಅಂಕಿಯನ್ನು ಮೊದಲು ನೋಡಿ, ಆಮೇಲೆ ವಾರದ ಮೊತ್ತ.

ಬಾಕಿಯ ಗೊಡವೆಯೇ ಬೇಡ ಅನ್ನುವವರಿಗೆ ಒಂದು ದಾರಿ ಇದೆ. ವಾರವಾರ ತೆಗೆದುಕೊಳ್ಳದೆ, ವರ್ಷ ಮುಗಿದು ಆದಾಯ ಪಕ್ಕಾ ಆದ ಮೇಲೆ ಒಂದೇ ಸಲ ಪಡೆಯಬಹುದು. ಪಕ್ಕದ ಮನೆಯಾಕೆಗೂ ಹೇಳಿದೆ. ಒಣಗಿದ ಬಟ್ಟೆಯನ್ನು ಮಡಚುತ್ತಾ ತಲೆ ಅಲ್ಲಾಡಿಸಿದರು. "ಬೇಡಾಕ್ಕ, ಒಟ್ಟಿಗೆ ಬಂದ್ರೆ ನಮ್ಮೆಜಮಾನ್ರು ಕಾರು ಬದಲಾಯಿಸೋಣ ಅಂತಾರೆ. ವಾರವಾರನೇ ಬರ್ಲಿ."