ಬಿ. ಜಯಮ್ಮನವರ ಧ್ವನಿಮುದ್ರಿಕೆಗಳ ಪಟ್ಟಿ ಮಾಡುವ ಬಗೆ

ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ ಹುಟ್ಟಿದ ವೀರಣ್ಣನವರ ನಾಟಕ ಕಂಪನಿಯಲ್ಲಿ ಹಾಡಿ, ಅಭಿನಯಿಸಿ, 1953ರ ‘ಗುಣಸಾಗರಿ’ಯಂತಹ ಚಿತ್ರಗಳಲ್ಲೂ ಕಾಣಿಸಿಕೊಂಡ ಬಿ. ಜಯಮ್ಮನವರ ಗಾಯನದ ಪಟ್ಟಿ ಮಾಡಹೊರಟವರು, ಮೊದಲು ಈ ಭಾಗದ ಹಳೆಯ ಮನೆಗಳ ಅಟ್ಟದಲ್ಲಿ ಉಳಿದಿರಬಹುದಾದ ಅರಗಿನ ತಟ್ಟೆಗಳನ್ನು, ಅಂದರೆ ಹಳೆಯ ಗ್ರಾಮಫೋನ್ ರೆಕಾರ್ಡುಗಳನ್ನು, ವಿಚಾರಿಸಬೇಕು. ಸಿಕ್ಕ ತಟ್ಟೆಯನ್ನು ಸ್ಪಿರಿಟ್‌ನಿಂದ ಒರೆಸಲೇಬಾರದು, ಅರಗು ಅದರಲ್ಲಿ ಕರಗುತ್ತದೆ. ಲೇಬಲ್ ನೆನೆಯದಂತೆ ತುಸು ಒದ್ದೆ ಮಾಡಿದ ಮೆದುಬಟ್ಟೆ ಸಾಕು. ಬಳಿಕ ಲೇಬಲ್ಲಿನ ಕ್ರಮಸಂಖ್ಯೆಯಷ್ಟೇ ಅಲ್ಲದೆ, ಅದರ ಸುತ್ತಲಿನ ನುಣುಪು ಭಾಗವನ್ನು ಬೆಳಕಿಗೆ ಓರೆಯಾಗಿ ಹಿಡಿದಾಗ ಕಾಣುವ, ತಟ್ಟೆ ಒತ್ತಿದ ಅಚ್ಚಿನ ಸಂಖ್ಯೆಯನ್ನೂ ಬರೆದುಕೊಳ್ಳಬೇಕು, ಏಕೆಂದರೆ ಒಂದೇ ಧ್ವನಿಮುದ್ರಣ ಬೇರೆ ಲೇಬಲ್ಲಿನಲ್ಲಿ ಮರಳಿ ಬಂದಿದ್ದರೆ ಗುರುತು ಸಿಗುವುದು ಅದರಿಂದಲೇ. ನಿಮಿಷಕ್ಕೆ 78 ಸುತ್ತು ತಿರುಗುವ 10 ಇಂಚಿನ ತಟ್ಟೆಯ ಒಂದು ಮಗ್ಗುಲಲ್ಲಿ ಸುಮಾರು 3 ನಿಮಿಷವಷ್ಟೇ ಹಿಡಿಯುವುದರಿಂದ, ಹಾಡಿನ ಅವಧಿಯನ್ನೂ ನಮೂದಿಸುವುದು ಒಳ್ಳೆಯದು. ರಂಗಗೀತೆ, ಚಿತ್ರಗೀತೆ ಎರಡನ್ನೂ ಒಂದೇ ಅಂಕಣಕ್ಕೆ ತುರುಕಿದರೆ, ನನ್ನ ಮಟ್ಟಿಗಂತೂ, ಪಟ್ಟಿಯೇ ಕೆಟ್ಟಂತೆ.